ನಲವತ್ತು ಸಾವಿರ ಪುಸ್ತಕಗಳ ಒಡೆಯ

ಇಂಗ್ಲೆಂಡಿನ ಆಲ್ಥೋರ್ಪ್ ಎಂಬ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ರಾಜಕುಮಾರಿ ಡಯಾನಾ ಕಾರಣಕ್ಕೆ. ಆಕೆಯ ಸಮಾಧಿ ಇರುವುದು ಅಲ್ಲಿನ ಕೆರೆಯ ನಡುವಿನ ದ್ವೀಪದಲ್ಲಿ. ಆದರೆ ಡಯಾನಾ ಹುಟ್ಟುವುದಕ್ಕೆ ನೂರೈವತ್ತು ವರ್ಷ ಮೊದಲೇ ಆ ಬಂಗಲೆ ಯುರೋಪಿನ ಪುಸ್ತಕಪ್ರಿಯರ ನಡುವೆ ಮನೆಮಾತಾಗಿತ್ತು. ಅದಕ್ಕೆ ಕಾರಣ ಆಕೆಯ ಪೂರ್ವಜನಾದ ಜಾರ್ಜ್ ಜಾನ್ ಸ್ಪೆನ್ಸರ್, ಅಂದರೆ ಎರಡನೇ ಅರ್ಲ್ ಸ್ಪೆನ್ಸರ್. ಬ್ರಿಟನ್ನಿನ ನೌಕಾದಳವನ್ನು ನಡೆಸಿದ ಮಂತ್ರಿ ಈತ. 40 ಸಾವಿರಕ್ಕೂ ಹೆಚ್ಚು ಪುಸ್ತಕಗಳ ಒಡೆಯನೂ ಹೌದು. ಮಂತ್ರಿಗಿರಿಯನ್ನು ಚರಿತ್ರೆ ಹೆಚ್ಚುಕಡಿಮೆ ಮರೆತಿದೆ. ಪುಸ್ತಕಗಳು ಮಾತ್ರ ಇವತ್ತಿಗೂ ಉಳಿದಿವೆ. ಆದರೆ ಅವು ಆತನ ಮನೆಯಲ್ಲಿಲ್ಲ. ಅವು ಹೇಗೆ ಬಂದವು, ಯಾಕೆ ಹೋದವು ಎಂಬುದೇ ಈತನ ಜೀವನದ ಕುತೂಹಲಕರ ಭಾಗ.

ಹತ್ತೊಂಬತ್ತರ ಮೇಷ್ಟ್ರು

ಸ್ಪೆನ್ಸರ್ ಹುಟ್ಟಿದ್ದು 1758ರ ಸೆಪ್ಟೆಂಬರ್ 1ರಂದು, ವಿಂಬಲ್ಡನ್‌ನಲ್ಲಿ. ಇವತ್ತು ಟೆನಿಸ್‌ಗೆ ಹೆಸರಾದ ಅದೇ ವಿಂಬಲ್ಡನ್. ಮನೆತನಕ್ಕೆ ಅಪಾರ ಜಮೀನಿತ್ತು, ಗೇಣಿಯ ಹಣ ವರ್ಷ ವರ್ಷ ಹರಿದುಬರುತ್ತಿತ್ತು. ಅಕ್ಕ ಜಾರ್ಜಿಯಾನಾ ಮುಂದೆ ಡೆವನ್‌ಶೈರ್‌ನ ಡ್ಯೂಕ್‌ನನ್ನು ಮದುವೆಯಾಗಿ ಇಡೀ ಲಂಡನ್ನಿನ ಕಣ್ಣು ಸೆಳೆದವಳು.

ಹುಡುಗನಿಗೆ ಏಳು ತುಂಬುತ್ತಿದ್ದಾಗ, 1765ರಲ್ಲಿ, ಮನೆಪಾಠಕ್ಕೆ ಒಬ್ಬ ಮೇಷ್ಟ್ರು ಬಂದರು. ಅವರಿಗೂ ವಯಸ್ಸು ಹತ್ತೊಂಬತ್ತಷ್ಟೇ, ಆಕ್ಸ್‌ಫರ್ಡ್ ವಿದ್ಯಾರ್ಥಿ. ಮೂರು ವರ್ಷದವರಿದ್ದಾಗಲೇ ತಂದೆ ತೀರಿಕೊಂಡಿದ್ದರು. ಆ ತಂದೆಯನ್ನು ಎಂಜಿನಿಯರಿಂಗ್ ಓದುವ ನಾವೆಲ್ಲ ದಿನವೂ ನೆನೆಯಬೇಕು. ವೃತ್ತದ ಸುತ್ತಳತೆಗೂ ವ್ಯಾಸಕ್ಕೂ ಇರುವ ಅನುಪಾತಕ್ಕೆ ‘ಪೈ’ ಚಿಹ್ನೆಯನ್ನು 1706ರಲ್ಲಿ ಮೊದಲು ಬಳಸಿದ ಗಣಿತಜ್ಞ ಅವರು. ತಂದೆ, ಮಗ ಇಬ್ಬರ ಹೆಸರೂ ವಿಲಿಯಂ ಜೋನ್ಸ್.

ಮಗ ಜೋನ್ಸ್‌ಗೆ ಗಣಿತಕ್ಕಿಂತ ಭಾಷೆಗಳ ಹುಚ್ಚು. ಗ್ರೀಕ್, ಲ್ಯಾಟಿನ್ ಸಾಲದೆಂದು ಅರೇಬಿಕ್, ಪರ್ಷಿಯನ್ ಹಿಡಿದರು. ಶಿಷ್ಯನ ಜೊತೆ ಹ್ಯಾರೋ ಶಾಲೆಗೂ ಹೋಗಿ ಪಾಠ ಮುಂದುವರಿಸಿದರು. 1770ರಲ್ಲಿ ಆ ಕೆಲಸ ಬಿಟ್ಟರೂ ಸ್ನೇಹ ಬಿಡಲಿಲ್ಲ. ಮುಂದೆ ಇದೇ ಜೋನ್ಸ್ ನ್ಯಾಯಾಧೀಶರಾಗಿ 1783ರಲ್ಲಿ ಕಲ್ಕತ್ತೆಗೆ ಬಂದರು. ಮರುವರ್ಷ ಏಷ್ಯಾಟಿಕ್ ಸೊಸೈಟಿ ಕಟ್ಟಿದರು, ಸಂಸ್ಕೃತ ಕಲಿತರು. ಕಾಳಿದಾಸನ ಶಾಕುಂತಲವನ್ನು ಇಂಗ್ಲಿಷಿಗೆ ತಂದು 1789ರಲ್ಲಿ ಪ್ರಕಟಿಸಿದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಬಂದಿರಬೇಕು ಎಂದು ಗಟ್ಟಿಯಾಗಿ ಹೇಳಿದವರೂ ಅವರೇ. ಕಲ್ಕತ್ತೆಯಿಂದಲೂ ತಮ್ಮ ಹಳೆಯ ಶಿಷ್ಯನಿಗೆ ಪತ್ರ ಬರೆಯುತ್ತಲೇ ಇದ್ದರು.

ಒಳ್ಳೆಯ ಮೇಷ್ಟ್ರು ಪಾಠಕ್ಕಿಂತ ಹೆಚ್ಚಾಗಿ ರುಚಿ ಕಲಿಸುತ್ತಾರೆ. ಸ್ಪೆನ್ಸರ್‌ಗೆ ಗ್ರೀಕ್, ಲ್ಯಾಟಿನ್ ಕೃತಿಗಳ ಮೇಲೆ ಹುಟ್ಟಿದ ಪ್ರೀತಿ ಸಾಯುವವರೆಗೂ ಹೋಗಲಿಲ್ಲ. ಗುರು ಭಾಷೆಗಳನ್ನು ಬೆನ್ನಟ್ಟಿದರು, ಶಿಷ್ಯ ಪುಸ್ತಕಗಳನ್ನು.

ನೌಕಾದಳದ ದೊರೆ

ಕೇಂಬ್ರಿಜ್ ಓದು ಮುಗಿಸಿ, 1780ರಲ್ಲಿ ಇಪ್ಪತ್ತೆರಡರ ವಯಸ್ಸಿಗೇ ಸಂಸತ್ ಸದಸ್ಯನಾದ. ದೊಡ್ಡ ಮನೆತನದ ಹುಡುಗರಿಗೆ ಆ ಕಾಲದಲ್ಲಿ ಇದು ಕಷ್ಟದ ಮಾತಾಗಿರಲಿಲ್ಲ. ಮರುವರ್ಷ ಲವಿನಿಯಾ ಬಿಂಗಮ್ ಜೊತೆ ಮದುವೆ. 1783ರಲ್ಲಿ ತಂದೆ ತೀರಿಕೊಂಡಾಗ ಅರ್ಲ್ ಪದವಿ, ಆಸ್ತಿ, ಆಲ್ಥೋರ್ಪ್ ಬಂಗಲೆ ಎಲ್ಲವೂ ಕೈಗೆ ಬಂದವು.

ಫ್ರಾನ್ಸಿನ ಕ್ರಾಂತಿ ಯುದ್ಧಕ್ಕೆ ತಿರುಗಿದಾಗ ಸ್ಪೆನ್ಸರ್ ಹಳೆಯ ಪಕ್ಷದ ಗೆಳೆಯರಲ್ಲಿ ಕೆಲವರನ್ನು ಬಿಟ್ಟು ಪ್ರಧಾನಿ ಪಿಟ್ ಸರ್ಕಾರಕ್ಕೆ ಸೇರಿದ. 1794ರ ಡಿಸೆಂಬರಿನಲ್ಲಿ ನೌಕಾದಳದ ಹೊಣೆ ಹೊತ್ತ. ಅದೇ ವರ್ಷದ ಏಪ್ರಿಲಿನಲ್ಲಿ ಗುರು ಜೋನ್ಸ್ ಕಲ್ಕತ್ತೆಯಲ್ಲಿ ಕಣ್ಣುಮುಚ್ಚಿದ್ದರು.

ಈತನ ಅಧಿಕಾರಾವಧಿಯ ದೊಡ್ಡ ಪರೀಕ್ಷೆ 1797ರಲ್ಲಿ ಬಂತು. ಸ್ಪಿಟ್‌ಹೆಡ್‌ನಲ್ಲಿ ಲಂಗರು ಹಾಕಿದ್ದ ಹಡಗುಗಳ ನಾವಿಕರು ಕೆಲಸಕ್ಕೆ ಇಳಿಯುವುದಿಲ್ಲ ಎಂದರು. ಅವರ ಸಂಬಳ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಏರಿರಲಿಲ್ಲ. ನುರಿತ ನಾವಿಕನಿಗೆ ತಿಂಗಳಿಗೆ 24 ಶಿಲಿಂಗ್. ಆ ತಿಂಗಳೂ ಅವರ ಲೆಕ್ಕದಲ್ಲಿ 28 ದಿನದ್ದು. ಸ್ಪೆನ್ಸರ್ ಲಂಡನ್ನಿನಲ್ಲಿ ಕೂತು ಆಜ್ಞೆ ಕಳಿಸುವ ಬದಲು ತಾನೇ ಪೋರ್ಟ್ಸ್‌ಮತ್‌ಗೆ ಹೋಗಿ ಮಾತುಕತೆಗೆ ಕೂತ. ಕೊನೆಗೆ ತಿಂಗಳಿಗೆ 5 ಶಿಲಿಂಗ್ 6 ಪೆನ್ಸ್ ಏರಿಕೆ, ರಾಜನ ಕ್ಷಮಾದಾನ ಎರಡೂ ಸಿಕ್ಕವು. ಆದರೆ ಅದರ ಬೆನ್ನಲ್ಲೇ ನೋರ್ ಎಂಬಲ್ಲಿ ಎದ್ದ ಇನ್ನೊಂದು ಬಂಡಾಯವನ್ನು ಸರ್ಕಾರ ಕಠಿಣವಾಗಿ ಹತ್ತಿಕ್ಕಿತು. ನಾಯಕ ರಿಚರ್ಡ್ ಪಾರ್ಕರ್‌ನನ್ನು ಗಲ್ಲಿಗೇರಿಸಿತು.

ಮರುವರ್ಷ ಮೆಡಿಟರೇನಿಯನ್ ಸಮುದ್ರಕ್ಕೆ ನೆಲ್ಸನ್‌ನನ್ನು ಕಳಿಸುವ ತೀರ್ಮಾನದಲ್ಲಿ ಸ್ಪೆನ್ಸರ್ ಪಾತ್ರವಿತ್ತು. ನೆಲ್ಸನ್ ಆಗ ಹಲವು ಹಿರಿಯ ಅಧಿಕಾರಿಗಳಿಗಿಂತ ಕಿರಿಯ. ಆತ ಸೋತಿದ್ದರೆ ಮಂತ್ರಿಯ ತಲೆಗೆ ಬರುತ್ತಿತ್ತು. 1798ರ ಆಗಸ್ಟ್ 1ರಂದು ನೈಲ್ ನದಿಯ ಮುಖದ ಬಳಿ ಫ್ರೆಂಚ್ ಹಡಗುಪಡೆ ನುಚ್ಚುನೂರಾಯಿತು. ಸುದ್ದಿ ಲಂಡನ್ ತಲುಪಿದ್ದು ಎರಡು ತಿಂಗಳ ನಂತರ. ಅದನ್ನು ಕೇಳಿದ ಸ್ಪೆನ್ಸರ್ ತನ್ನ ಕಚೇರಿಯಲ್ಲೇ ಮೂರ್ಛೆ ಹೋದ ಎಂಬ ಮಾತಿದೆ.

1801ರಲ್ಲಿ ಕ್ಯಾಥೊಲಿಕರಿಗೆ ರಾಜಕೀಯ ಹಕ್ಕು ಕೊಡಲು ರಾಜ ಒಪ್ಪದಿದ್ದಾಗ ಪಿಟ್ ಜೊತೆ ಈತನೂ ರಾಜೀನಾಮೆ ಕೊಟ್ಟ. 1806ರಲ್ಲಿ ಸ್ವಲ್ಪ ಕಾಲ ಗೃಹ ಸಚಿವನಾದ. ಗುಲಾಮರ ವ್ಯಾಪಾರ ನಿಷೇಧಿಸುವ ಕಾಯ್ದೆ ತಂದದ್ದು ಅದೇ ಸರ್ಕಾರ. 1807ರಲ್ಲಿ ಅದು ಬಿದ್ದ ಮೇಲೆ ಸ್ಪೆನ್ಸರ್ ಮತ್ತೆ ಮಂತ್ರಿಯಾಗಲಿಲ್ಲ. ಆಗಿನ್ನೂ ಐವತ್ತು ತುಂಬಿರಲಿಲ್ಲ. ಉಳಿದ ಆಯುಷ್ಯವನ್ನು ಪುಸ್ತಕಗಳಿಗೆ ಕೊಟ್ಟ.

ಬೇಟೆ

ಸಂಗ್ರಹಕ್ಕೆ ಅಡಿಪಾಯ ಬಿದ್ದದ್ದು 1790ರ ಸುಮಾರಿಗೆ. ಹಂಗೇರಿಯ ಕೌಂಟ್ ರೆವಿಟ್ಸ್ಕಿ ಎಂಬ ರಾಯಭಾರಿ ಗ್ರೀಕ್, ಲ್ಯಾಟಿನ್ ಕೃತಿಗಳ ಮೊದಲ ಮುದ್ರಣಗಳನ್ನು ಬಹಳ ಆಸ್ಥೆಯಿಂದ ಕೂಡಿಹಾಕಿದ್ದ. ಪರ್ಷಿಯನ್ ಕವಿ ಹಫೀಜ್‌ನ ಗಜಲುಗಳನ್ನು ಲ್ಯಾಟಿನ್‌ಗೆ ತಂದ ವಿದ್ವಾಂಸ ಆತ. ಅದೇ ಕವಿಯ ನಂಟಿನಿಂದ ವಿಲಿಯಂ ಜೋನ್ಸ್‌ರ ಪತ್ರಮಿತ್ರನೂ ಆಗಿದ್ದ. ಆತ ತನ್ನ ಇಡೀ ಗ್ರಂಥಾಲಯವನ್ನು ಸ್ಪೆನ್ಸರ್‌ಗೆ ಕೊಟ್ಟ. ಒಪ್ಪಂದ ಹೀಗಿತ್ತು: ಕೈಗೆ 1,000 ಪೌಂಡ್, ಬದುಕಿರುವವರೆಗೆ ವರ್ಷಕ್ಕೆ 500 ಪೌಂಡ್. ರೆವಿಟ್ಸ್ಕಿ 1793ರಲ್ಲೇ ತೀರಿಕೊಂಡ. ಒಟ್ಟು ಲೆಕ್ಕ ಹಾಕಿದರೆ ಸುಮಾರು 2,500 ಪೌಂಡಿಗೆ ಒಂದು ಗ್ರಂಥಾಲಯವೇ ಆಲ್ಥೋರ್ಪ್ ಸೇರಿತು.

ಸ್ಪೆನ್ಸರ್‌ಗೆ ಹೆಚ್ಚು ಬೇಕಾಗಿದ್ದದ್ದು ಅಚ್ಚುಮೊಳೆಯ ಮುದ್ರಣ ಯುರೋಪಿನಲ್ಲಿ ಹುಟ್ಟಿದ ಮೊದಲ ಐವತ್ತು ವರ್ಷಗಳ ಪುಸ್ತಕಗಳು, ಅಂದರೆ 1450ರಿಂದ 1500ರ ಒಳಗಿನವು. ಗುಟೆನ್‌ಬರ್ಗ್ ಬೈಬಲ್ ಸಿಕ್ಕಿತು. ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ ಅಚ್ಚು ಹಾಕಿದ 50ಕ್ಕೂ ಹೆಚ್ಚು ಪುಸ್ತಕಗಳು ಸಿಕ್ಕವು. ಇವುಗಳಿಗೆ ಪಟ್ಟಿ ಬರೆಯಲು, ಹೊಸದನ್ನು ಹುಡುಕಲು ಥಾಮಸ್ ಡಿಬ್ಡಿನ್ ಎಂಬ ಪಾದ್ರಿ ನೆರವಾದ. 1814 ಮತ್ತು 1815ರಲ್ಲಿ ನಾಲ್ಕು ಸಂಪುಟಗಳಲ್ಲಿ ಆ ಪಟ್ಟಿ ಅಚ್ಚಾಯಿತು. 1818ರಲ್ಲಿ ಡಿಬ್ಡಿನ್ ಫ್ರಾನ್ಸ್, ಜರ್ಮನಿ ಸುತ್ತಿ ಪುಸ್ತಕ ಬೇಟೆಯಾಡಿದ. ಅದಾದ ಮೇಲೆ ಸ್ಪೆನ್ಸರ್ ತಾನೇ ಯುರೋಪ್ ಪ್ರವಾಸ ಹೊರಟು ನೇಪಲ್ಸ್‌ನ ಒಬ್ಬ ಡ್ಯೂಕ್‌ನ ಸಂಗ್ರಹವನ್ನು ಇಡಿಯಾಗಿ ಕೊಂಡ.

ಯುದ್ಧವೂ ಈ ಬೇಟೆಗೆ ನೆರವಾಯಿತು. ನೆಪೋಲಿಯನ್ ಕಾಲದ ಏರುಪೇರಿನಲ್ಲಿ 1803ರಿಂದ ಜರ್ಮನಿಯ ಕ್ರೈಸ್ತ ಮಠಗಳು ಒಂದೊಂದಾಗಿ ಮುಚ್ಚಿದವು. ಶತಮಾನಗಳಿಂದ ಅಲ್ಲಿದ್ದ ಪುಸ್ತಕಗಳು ಪೇಟೆಗೆ ಬಿದ್ದವು. ಅಲೆಕ್ಸಾಂಡರ್ ಹಾರ್ನ್ ಎಂಬ ಸ್ಕಾಟಿಷ್ ಸನ್ಯಾಸಿ ಅಂಥ ಅಪರೂಪದ ಪ್ರತಿಗಳನ್ನು ಸ್ಪೆನ್ಸರ್‌ಗೆ ಕಳಿಸುತ್ತಿದ್ದ. ಬುಕ್ಸ್‌ಹೈಮ್ ಮಠದ ಒಂದು ಹಳೆಯ ಪುಸ್ತಕದ ರಟ್ಟಿಗೆ ಅಂಟಿದ್ದ, 1423 ಎಂದು ಇಸವಿ ಕೆತ್ತಿರುವ ಸಂತ ಕ್ರಿಸ್ಟೊಫರ್‌ನ ಮರದಚ್ಚಿನ ಚಿತ್ರವೂ ಹಾಗೇ ಆಲ್ಥೋರ್ಪ್ ಸೇರಿತು.

ಇನ್ನೊಂದು ವಿಷಯ ಈಗ ಓದುವಾಗ ಬೇಸರ ತರಿಸುತ್ತದೆ. ಶ್ರೀಮಂತ ಸಂಗ್ರಾಹಕರಿಗೆ ಆಗ ಪುಸ್ತಕ ಥಳಥಳ ಹೊಳೆಯಬೇಕಿತ್ತು. ಸ್ಪೆನ್ಸರ್ ತನ್ನ ಹಳೆಯ ಪುಸ್ತಕಗಳಲ್ಲಿ ಬಹುಪಾಲನ್ನು ಹೊಸ ಚರ್ಮದ ರಟ್ಟಿಗೆ ಹಾಕಿಸಿದ. ಹರಿದ ಪ್ರತಿಯಿದ್ದರೆ ಇನ್ನೊಂದು ಪ್ರತಿಯ ಹಾಳೆ ಸೇರಿಸಿ ಪೂರ್ಣ ಮಾಡಿಸಿದ. ಕೆಲಸವೇನೋ ಅಂದವಾಗಿತ್ತು. ಆ ಕಾಲದ ಅತ್ಯುತ್ತಮ ರಟ್ಟುಗಾರ ರೋಜರ್ ಪೇಯ್ನ್ ಕೂಡ ಈತನಿಗಾಗಿ ದುಡಿದವನೇ. ಆದರೆ ಮೂರು ನೂರು ವರ್ಷದ ಮೂಲ ರಟ್ಟು, ಅದರ ಮೇಲೆ ಹಿಂದಿನ ಓದುಗರು ಬಿಟ್ಟ ಗುರುತುಗಳು ಹೋದದ್ದು ಹೋದವು. ನನ್ನದು ಎಂದಮೇಲೆ ಏನು ಬೇಕಾದರೂ ಮಾಡಬಹುದು ಎಂಬ ಭಾವನೆ ಒಳ್ಳೆಯ ಸಂಗ್ರಾಹಕನನ್ನೂ ಬಿಟ್ಟಿಲ್ಲ.

ಒಂದು ಪುಸ್ತಕ, ಒಬ್ಬ ಹುಡುಗ

1812ರ ಜೂನ್ 17. ಲಂಡನ್ನಿನಲ್ಲಿ ತೀರಿಹೋದ ರಾಕ್ಸ್‌ಬರ್ಗ್ ಡ್ಯೂಕ್‌ನ ಗ್ರಂಥಾಲಯದ ಹರಾಜು ನಡೆದಿತ್ತು. ಅಂದಿನ ಮುಖ್ಯ ಪುಸ್ತಕ ಬೊಕಾಚಿಯೊನ ‘ಡೆಕಮೆರಾನ್’. 1471ರಲ್ಲಿ ವೆನಿಸ್‌ನಲ್ಲಿ ವಾಲ್ಡಾರ್ಫರ್ ಎಂಬ ಮುದ್ರಕ ಅಚ್ಚು ಹಾಕಿದ್ದು. ಆ ಮುದ್ರಣದಲ್ಲಿ ಪೂರ್ಣವಾಗಿ ಉಳಿದದ್ದು ಅದೊಂದೇ ಪ್ರತಿ ಎಂದು ಎಲ್ಲರ ನಂಬಿಕೆ. ಡ್ಯೂಕ್‌ನ ಮನೆತನ ಅದನ್ನು ಕೊಂಡದ್ದು 100 ಗಿನಿಗೆ. ಈಗ ಸವಾಲು ಸಾವಿರ ದಾಟಿತು, ಎರಡು ಸಾವಿರವನ್ನೂ ದಾಟಿತು. ಕೊನೆಗೆ ಉಳಿದದ್ದು ಇಬ್ಬರೇ: ಸ್ಪೆನ್ಸರ್ ಮತ್ತು ಆತನ ಬಂಧುವೇ ಆದ ಬ್ಲ್ಯಾಂಡ್‌ಫರ್ಡ್ ಮಾರ್ಕ್ವಿಸ್. ಸ್ಪೆನ್ಸರ್ 2,250 ಪೌಂಡಿಗೆ ನಿಂತ. ಬ್ಲ್ಯಾಂಡ್‌ಫರ್ಡ್ ಹತ್ತು ಪೌಂಡ್ ಸೇರಿಸಿ ಪುಸ್ತಕ ಗೆದ್ದ.

2,250 ಪೌಂಡ್ ಎಂದರೆ ಎಷ್ಟು? ರೆವಿಟ್ಸ್ಕಿಯ ಇಡೀ ಗ್ರಂಥಾಲಯಕ್ಕೆ ಕೊಟ್ಟ ಹಣಕ್ಕೆ ಹತ್ತಿರ. ಇನ್ನೊಂದು ಲೆಕ್ಕವೂ ಇದೆ. ಪೌಂಡಿಗೆ 20 ಶಿಲಿಂಗ್‌ನಂತೆ ಅದು 45,000 ಶಿಲಿಂಗ್. ಸ್ಪೆನ್ಸರ್‌ನ ಕಾಲದಲ್ಲಿ ಏರಿಕೆಯಾದ ಮೇಲಿನ ಸಂಬಳವನ್ನೇ ಹಿಡಿದರೂ, ಒಬ್ಬ ನುರಿತ ನಾವಿಕ ಒಂದು ಕಾಸೂ ಖರ್ಚು ಮಾಡದೆ ನೂರು ವರ್ಷಕ್ಕೂ ಹೆಚ್ಚು ದುಡಿಯಬೇಕಿತ್ತು. ಬಂಡೆದ್ದ ನಾವಿಕರ ಜೊತೆ ಶಿಲಿಂಗು, ಪೆನ್ಸಿನ ಲೆಕ್ಕಕ್ಕೆ ಕೂತಿದ್ದ ಮಂತ್ರಿಯೇ ಈ ಸವಾಲು ಕೂಗಿದವನು.

ಆ ಸಂಜೆ ಪುಸ್ತಕಪ್ರಿಯರು ಒಟ್ಟಿಗೆ ಊಟಕ್ಕೆ ಸೇರಿದರು. ಅಲ್ಲಿಂದ ಹುಟ್ಟಿದ್ದು ರಾಕ್ಸ್‌ಬರ್ಗ್ ಕ್ಲಬ್. ಸೋತ ಸ್ಪೆನ್ಸರ್‌ನೇ ಅದರ ಮೊದಲ ಅಧ್ಯಕ್ಷ. ಮುಂದೆ ಬ್ಲ್ಯಾಂಡ್‌ಫರ್ಡ್ ಸಾಲದಲ್ಲಿ ಮುಳುಗಿ 1819ರಲ್ಲಿ ತನ್ನ ಪುಸ್ತಕಗಳನ್ನು ಮಾರಬೇಕಾಯಿತು. ಆಗ ಅದೇ ಡೆಕಮೆರಾನ್ 918 ಪೌಂಡ್ ಚಿಲ್ಲರೆಗೆ ಬಿಕರಿಯಾಗಿ, ಕೊನೆಗೆ ಆಲ್ಥೋರ್ಪ್‌ಗೇ ಬಂತು.

ಈ ಹರಾಜು ನಡೆದ ವರ್ಷವೇ, ಅದೇ ಲಂಡನ್ನಿನಲ್ಲಿ, ಇಪ್ಪತ್ತರ ಹುಡುಗನೊಬ್ಬ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. ಕಮ್ಮಾರನ ಮಗ. ಕೊಂಡು ಓದಲು ದುಡ್ಡಿಲ್ಲ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿದ. ವಿಶ್ವಕೋಶದ ಸಂಪುಟ ಬಂದಾಗ ವಿದ್ಯುತ್ತಿನ ಬಗೆಗಿನ ಲೇಖನ ಓದಿದ, ಜೇನ್ ಮಾರ್ಸೆಟ್ ಬರೆದ ರಸಾಯನಶಾಸ್ತ್ರದ ಪುಸ್ತಕ ಬಂದಾಗ ಅದನ್ನೂ ಓದಿದ. 1812ರಲ್ಲಿ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ಟಿನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ಗೆ ಹೋಗಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸ ಕೇಳಿದ. ಟಿಪ್ಪಣಿಗಳನ್ನು ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದ. 1813ರಲ್ಲಿ ಅಲ್ಲೇ ಸಹಾಯಕನ ಕೆಲಸ ಸಿಕ್ಕಿತು. ಆ ಹುಡುಗ ಮೈಕೆಲ್ ಫ್ಯಾರಡೆ. ಅದೇ 1813ರಲ್ಲಿ ಆ ಸಂಸ್ಥೆಯ ಅಧ್ಯಕ್ಷನಾಗಿ ಬಂದವನು ಅರ್ಲ್ ಸ್ಪೆನ್ಸರ್.

ಒಬ್ಬನಿಗೆ ಸಾವಿರಾರು ಪುಸ್ತಕ ಸ್ವಂತ, ಇನ್ನೊಬ್ಬನಿಗೆ ಬೇರೆಯವರ ಪುಸ್ತಕವೇ ಗತಿ. ಇಬ್ಬರೂ ಒಂದೇ ಸೂರಿನಡಿ ಬಂದರು. ಸ್ಪೆನ್ಸರ್‌ನನ್ನು ಹೀಗಳೆಯಲು ಈ ಮಾತು ಹೇಳುತ್ತಿಲ್ಲ. ಆತ ಹೆಸರಿಗೆ ಕೂಡಿಹಾಕಿದವನಲ್ಲ, ಓದು ಬಲ್ಲವನು. ಆದರೆ ಪುಸ್ತಕ ಯಾರದು ಎಂಬ ಪ್ರಶ್ನೆ ಈ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿದಾಗ ತಾನಾಗಿಯೇ ಏಳುತ್ತದೆ.

ಸ್ಪೆನ್ಸರ್‌ನ ಗೆಳೆಯನೊಬ್ಬನಿಗೂ ಆ ಪ್ರಶ್ನೆ ಎದ್ದಿತ್ತು. ಥಾಮಸ್ ಗ್ರೆನ್‌ವಿಲ್, 1794ರಲ್ಲಿ ವಿಯೆನ್ನಾಕ್ಕೆ ರಾಯಭಾರಿಯಾಗಿ ಜೊತೆಗೆ ಹೋದವನು. ಮುಂದೆ ಸ್ವಲ್ಪ ಕಾಲ ನೌಕಾದಳದ ಮಂತ್ರಿಯಾಗಿದ್ದವನು. ಆತನೂ ದೊಡ್ಡ ಸಂಗ್ರಾಹಕ. ಕೆಲಸವೇ ಇಲ್ಲದ ಸರ್ಕಾರಿ ಹುದ್ದೆಯೊಂದರ ಸಂಬಳದಿಂದ ಕೊಂಡ ಪುಸ್ತಕಗಳು ಜನರಿಗೇ ಸೇರಬೇಕು ಎಂದು ಆತನಿಗೆ ಅನಿಸಿತು. 1846ರಲ್ಲಿ ಸಾಯುವಾಗ ಸುಮಾರು 20 ಸಾವಿರ ಪುಸ್ತಕಗಳನ್ನು ಬ್ರಿಟಿಷ್ ಮ್ಯೂಸಿಯಂಗೆ ಬಿಟ್ಟುಹೋದ.

ಸ್ಪೆನ್ಸರ್ ಹಾಗೆ ಮಾಡಲಿಲ್ಲ. 1834ರ ನವೆಂಬರ್ 10ರಂದು ಆಲ್ಥೋರ್ಪ್‌ನಲ್ಲಿ ತೀರಿಕೊಂಡಾಗ ಪುಸ್ತಕಗಳು ಜಮೀನು, ಬಂಗಲೆಯ ಜೊತೆಗೇ ಮಗನಿಗೆ ಹೋದವು.

ಮ್ಯಾಂಚೆಸ್ಟರಿನ ಬೆಳಕು

ಐವತ್ತು ವರ್ಷ ಕಳೆಯಿತು. ಬೆಳೆಗಳ ಬೆಲೆ ಕುಸಿದು ಗೇಣಿ ಇಳಿಯಿತು. ಐದನೇ ಅರ್ಲ್‌ನ ಕಾಲಕ್ಕೆ ಮನೆತನಕ್ಕೆ ಹಣದ ಮುಗ್ಗಟ್ಟು ಬಂತು. 1892ರಲ್ಲಿ ಗ್ರಂಥಾಲಯವನ್ನು ಮಾರುವುದೆಂದು ತೀರ್ಮಾನವಾಯಿತು. ಹರಾಜಿಗೆ ಬಂದಿದ್ದರೆ ಪುಸ್ತಕಗಳು ದಿಕ್ಕಾಪಾಲಾಗುತ್ತಿದ್ದವು.

ಹಾಗಾಗದಂತೆ ತಡೆದವಳು ಎನ್ರಿಕೆಟಾ ರೈಲ್ಯಾಂಡ್ಸ್. ಕ್ಯೂಬಾದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದ ಈಕೆ ಮ್ಯಾಂಚೆಸ್ಟರಿನ ಹತ್ತಿಬಟ್ಟೆ ಉದ್ಯಮಿ ಜಾನ್ ರೈಲ್ಯಾಂಡ್ಸ್‌ನ ಹೆಂಡತಿ. ಆತನ ಕಂಪನಿಯಲ್ಲಿ ಸುಮಾರು 15 ಸಾವಿರ ಜನ ದುಡಿಯುತ್ತಿದ್ದರು. ಮ್ಯಾಂಚೆಸ್ಟರ್ ಬಟ್ಟೆ ನಮ್ಮ ನೇಕಾರರ ಮಗ್ಗ ನಿಲ್ಲಿಸಿದ ಪಾಠವನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ್ದೇವೆ. ಆ ಊರಿನ ಗಿರಣಿ ಹಣವೇ ಇದು. 1888ರಲ್ಲಿ ಗಂಡ ತೀರಿಕೊಂಡ ಮೇಲೆ ಆತನ ನೆನಪಿಗೆ ಊರಿಗೊಂದು ಗ್ರಂಥಾಲಯ ಕಟ್ಟಿಸಲು ಎನ್ರಿಕೆಟಾ ನಿರ್ಧರಿಸಿದ್ದಳು. ಕಟ್ಟಡ ಏಳುತ್ತಿತ್ತು, ಅದಕ್ಕೆ ತಕ್ಕ ಪುಸ್ತಕ ಬೇಕಿತ್ತು. 2,10,000 ಪೌಂಡ್ ಕೊಟ್ಟು ಆಲ್ಥೋರ್ಪ್‌ನ ಗ್ರಂಥಾಲಯವನ್ನು ಇಡಿಯಾಗಿ ಕೊಂಡಳು.

ಮ್ಯಾಂಚೆಸ್ಟರ್ ಆಗ ಹೊಗೆ ಕೊಳವೆಗಳ ಊರು. ಮಸಿ ತುಂಬಿದ ಗಾಳಿಯಲ್ಲಿ ನಾಲ್ಕು ನೂರು ವರ್ಷದ ಹಾಳೆಗಳನ್ನು ಕಾಪಾಡುವುದು ಹೇಗೆ? ಇಲ್ಲಿ ಎಂಜಿನಿಯರಿಂಗ್ ನೆರವಿಗೆ ಬಂತು. ಹೊರಗಿನ ಗಾಳಿಯನ್ನು ಗೋಣಿಬಟ್ಟೆಯಂಥ ಒರಟು ಪರದೆಗಳ ಮೂಲಕ ಎಳೆದು, ಮಸಿ ಸೋಸಿ ಒಳಬಿಡುವ ವ್ಯವಸ್ಥೆ ಮಾಡಿದರು. ಆಗ ಎಲ್ಲೆಡೆ ಇದ್ದದ್ದು ಗ್ಯಾಸ್ ದೀಪ. ಅದರ ಹೊಗೆ ಹಾಳೆಗೂ ಚರ್ಮದ ರಟ್ಟಿಗೂ ವಿಷ. ಹಾಗಾಗಿ ವಿದ್ಯುತ್ ದೀಪ ಹಾಕಿಸಿದರು, ಕರೆಂಟನ್ನು ಕಟ್ಟಡದಲ್ಲೇ ತಯಾರಿಸಿದರು. ಜನರೇಟರ್ ತಿರುಗುವುದು ವಿದ್ಯುತ್ಕಾಂತೀಯ ಪ್ರೇರಣೆಯ ತತ್ವದ ಮೇಲೆ. ಅದನ್ನು 1831ರಲ್ಲಿ ಕಂಡುಹಿಡಿದವರು ಫ್ಯಾರಡೆ. ರಟ್ಟಂಗಡಿಯಲ್ಲಿ ಬೇರೆಯವರ ಪುಸ್ತಕ ಓದಿ ಬೆಳೆದ ಹುಡುಗನ ವಿಜ್ಞಾನ, ಅರ್ಲ್‌ನ ಪುಸ್ತಕಗಳಿಗೆ ಬೆಳಕು ಕೊಟ್ಟಿತು.

ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದ ಬಾಗಿಲು 1900ರ ಜನವರಿ 1ರಂದು ಓದುಗರಿಗೆ ತೆರೆಯಿತು. 1972ರಲ್ಲಿ ಅದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಗ್ರಂಥಾಲಯದೊಂದಿಗೆ ಸೇರಿತು. ಇಂದು ಡೀನ್ಸ್‌ಗೇಟ್ ರಸ್ತೆಯ ಆ ಕಟ್ಟಡಕ್ಕೆ ಯಾರು ಬೇಕಾದರೂ ಹೋಗಬಹುದು, ಟಿಕೆಟ್ ಇಲ್ಲ. ಗುಟೆನ್‌ಬರ್ಗ್ ಬೈಬಲ್, ಕ್ಯಾಕ್ಸ್‌ಟನ್‌ನ ಪುಸ್ತಕಗಳು, ಸಂತ ಕ್ರಿಸ್ಟೊಫರ್‌ನ ಚಿತ್ರ, ಎರಡು ಸಾವಿರ ಪೌಂಡಿಗೂ ದಕ್ಕದೆ ಕೊನೆಗೆ ತಾನಾಗಿ ಬಂದ ಡೆಕಮೆರಾನ್ ಎಲ್ಲವೂ ಅಲ್ಲಿವೆ.

ಸ್ಪೆನ್ಸರ್ ಕೂಡಿಡದಿದ್ದರೆ ಆ ಪುಸ್ತಕಗಳಲ್ಲಿ ಎಷ್ಟೋ ಹಾಳಾಗುತ್ತಿದ್ದವು, ನಿಜ. ಆತನ ವಂಶದವರು ಮಾರದಿದ್ದರೆ ಅವು ಇಂದಿಗೂ ಒಂದು ಮನೆಯೊಳಗೇ ಇರುತ್ತಿದ್ದವು, ಅದೂ ನಿಜ. ವೆನಿಸ್‌ನಲ್ಲಿ ಅಚ್ಚಾದ ಆ ಒಂದು ಪುಸ್ತಕಕ್ಕೆ ಎಷ್ಟು ಜನ ಒಡೆಯರಾದರು! ಪ್ರತಿಯೊಬ್ಬರೂ ಅದು ತನ್ನದೆಂದೇ ನಂಬಿದ್ದರು. ಪುಸ್ತಕ ಎಲ್ಲರನ್ನೂ ದಾಟಿ ಬಂತು.

ಇವತ್ತು ಆ ಗ್ರಂಥಾಲಯ ತನ್ನ ಅಪರೂಪದ ಪುಸ್ತಕಗಳ ಚಿತ್ರಗಳನ್ನು ಅಂತರ್ಜಾಲದಲ್ಲೂ ಇಡುತ್ತಿದೆ. ಅರ್ಲ್ ಸ್ಪೆನ್ಸರ್ ವರ್ಷಗಟ್ಟಲೆ ಹುಡುಕಿಸಿ ತಂದ ಹಾಳೆಗಳನ್ನು ಹಾಸ್ಟೆಲಿನ ಮಂಚದ ಮೇಲೆ ಕೂತು ಫೋನಿನಲ್ಲಿ ದೊಡ್ಡದು ಮಾಡಿ ನೋಡಬಹುದು. ಬಿಡುವಿದ್ದಾಗ ಒಮ್ಮೆ ನೋಡಿ. ಐದೂವರೆ ನೂರು ವರ್ಷದ ಹಿಂದಿನ ಮಸಿ ಇನ್ನೂ ಕಪ್ಪಗೇ ಇದೆ.